ಎಷ್ಟು ಹೊತ್ತು ತಿರುವಬೇಕು

ಮಗ್ಗೆ
5 ಆಗಸ್ಟ್ 2024

ರೈಟರಮ್ಮನವರಿಗೆ ವಿಶಾಲಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವೂ ರೈಟರೂ ಮೂಡುಬಿದಿರೆಯಲ್ಲಿ, ಮಗ ಜೊನಾಥನ್ ಮನೆಯಲ್ಲಿ, ಕ್ಷೇಮವೆಂದು ನಂಬಿದ್ದೇನೆ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡಿ. ಹೋದ ವಾರ ಫೋನಿನಲ್ಲಿ ನಿಮಗೆ ಒಂದು ಮಾತು ಮುಟ್ಟಿಸಲು ನಾನು ಕಿರುಚಿದ್ದು ಕೇಳಿ, ಅತ್ತೆ ಸೊಸೆಗೆ ಜಗಳ ಹತ್ತಿತು ಎಂದು ಪಕ್ಕದ ಮನೆಯವರು ಬೇಲಿಗೆ ಬಂದು ನಿಂತಿದ್ದರು. ನಿಮ್ಮ ಕಿವಿಗೂ ಫೋನಿಗೂ ಆಗಿಬರುವುದಿಲ್ಲ. ಕಣ್ಣು ಚೆನ್ನಾಗಿದೆಯಲ್ಲ, ಓದಿ.

ರೈಟರ ಲೆಕ್ಕಪತ್ರದ ಕೆಲಸ ಮುಗಿದು ನೀವು ಎಸ್ಟೇಟ್ ಬಿಟ್ಟು ಹೊರಟ ದಿನ ಆ ದೊಡ್ಡ ದಬರಿ ಪಾತ್ರೆಯನ್ನು ಮರಳಿನ ಸಮೇತ ನನಗೆ ಹೊರಿಸಿ, ಇನ್ನು ಮೇಲೆ ನಿನ್ನ ಕೈ ಎಂದಿರಿ. ಅದರ ಭಾರ ನನಗೆ ಆಗ ಗೊತ್ತಾಗಲಿಲ್ಲ. ಹನ್ನೆರಡು ವರ್ಷ ನಾನು ಕಾಫಿ ಸ್ಟೋರಿನ ಕೆಲಸ ಮುಗಿಸಿ ಶನಿವಾರ ಮಧ್ಯಾಹ್ನ ನಿಮ್ಮ ಅಡಿಗೆ ಮನೆಗೆ ಬರುತ್ತಿದ್ದೆ. ಕೂಲಿಯವರ ಲೈನಿನಲ್ಲಿ ಯಾವ ಮಗು ಹುಟ್ಟಿದ ದಿನವಾದರೂ ನಿಮ್ಮ ಕೇಕು ಅಲ್ಲಿಗೆ ಹೋಗುತ್ತಿತ್ತು. ಈಗ ಆ ಮಕ್ಕಳ ತಾಯಂದಿರು ನನ್ನ ದಾರಿ ಕಾಯುತ್ತಾರೆ. ದಬರಿ ಇವಳ ಮನೆಗೆ ಹೋಗಿದೆ, ಕೇಕೂ ಇವಳ ಮನೆಯಿಂದಲೇ ಬರಬೇಕು ಎಂದು ಅವರ ಲೆಕ್ಕ.

ಮೊದಲು ಮನೆಯಲ್ಲೇ ನೋಡೋಣವೆಂದು ಹೋದ ತಿಂಗಳು ನಮ್ಮ ನಯನಾಳಿಗೆ ಹದಿನಾಲ್ಕು ತುಂಬಿದ ದಿನ ಮಾಡಿದೆ. ಬೆಣ್ಣೆ, ಸಕ್ಕರೆ, ಎಂಟು ಮೊಟ್ಟೆ, ಮೈದಾ, ಸಕ್ಕರೆ ಸೀಯಿಸಿದ ಪಾಕ, ಒಣಗಿಸಿದ ಕಿತ್ತಳೆ ಸಿಪ್ಪೆ, ಚೂರು ಜಾಯಿಕಾಯಿ, ಎಲ್ಲ ನಿಮ್ಮ ಅಳತೆಯೇ. ಕೆಳಗೆ ಮರಳು ಕಾಯಿಸಿ, ಮುಚ್ಚಳದ ಮೇಲೆ ಕಾಫಿ ಕಟ್ಟಿಗೆಯ ಕೆಂಡ ಹರಡಿ, ನೀವು ಮಾಡುತ್ತಿದ್ದಂತೆಯೇ ಮಾಡಿದೆ. ತೆಗೆದು ನೋಡಿದರೆ ಒಂದು ಬೆರಳು ದಪ್ಪ. ನಯನಾ ಚಾಕು ಹಿಡಿದು ನಿಂತವಳು ನನ್ನ ಮುಖ ನೋಡಿದಳು. ನಮ್ಮ ಅತ್ತೆ ಬಗ್ಗಿ ಒಂದು ಸಲ ಮೂಸಿ, "ಹಸುಗೆ ಹಾಕೋ ಹಿಂಡಿ ಇದ್ದಂಗೈತೆ ಕಣೇ. ಬೆಲ್ಲದ ನೀರಲ್ಲಿ ನೆನೆಸಿದ್ರೆ ಗೌರಿ ತಿಂತಾಳೆ," ಎಂದರು. ಗೌರಿ ಎಂದರೆ ನಮ್ಮ ಹಸು.

ಒಂದೇ ಒಂದು ನನಗೆ ಗೊತ್ತಿಲ್ಲ. ಬೆಣ್ಣೆ ಸಕ್ಕರೆ ಎಷ್ಟು ಹೊತ್ತು ತಿರುವಬೇಕು? ನೀವು ಗಡಿಯಾರ ನೋಡುತ್ತಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತು ತಿರುವುತ್ತಿದ್ದಿರಿ, ತುಟಿ ಮಾತ್ರ ಅಲುಗುತ್ತಿತ್ತು. ಎಣಿಸುತ್ತಿದ್ದಿರೇನೋ ಎಂದುಕೊಂಡಿದ್ದೆ. ಎಷ್ಟರವರೆಗೆ ಎಣಿಸುತ್ತಿದ್ದಿರಿ?

ಇಂತಿ ನಿಮ್ಮ
ವಿಶಾಲ


ಮೂಡುಬಿದಿರೆ
19 ಆಗಸ್ಟ್ 2024

ಪ್ರೀತಿಯ ವಿಶಾಲಾ,

ನಿನ್ನ ಕಾಗದ ಬಂತು. ನಿಮ್ಮ ರೈಟರಾದ ಲಾನ್ಸಿಗೂ ಓದಲು ಕೊಟ್ಟೆ. ಗೌರಿಯ ಮಾತು ಬಂದಾಗ ಅವರು ನಕ್ಕ ನಗುವಿಗೆ ಕೆಮ್ಮು ಬಂದು ನೀರು ಕೊಡಬೇಕಾಯಿತು. ಕಾಗದವೇ ಒಳ್ಳೆಯದು. ಫೋನಿನಲ್ಲಿ ನಾನು ಎಲ್ಲದಕ್ಕೂ ಹೂಂ ಎನ್ನುತ್ತೇನೆ, ಆಮೇಲೆ ಏನು ಒಪ್ಪಿಕೊಂಡೆನೋ ಎಂದು ಹೆದರುತ್ತೇನೆ.

ಮೊದಲ ಕೇಕು ಎಲ್ಲರದೂ ಹಾಗೆಯೇ. ನನ್ನ ಮೊದಲ ಕೇಕನ್ನು ಲಾನ್ಸಿ ಸ್ಟೋರಿನ ಬಾಗಿಲಿಗೆ ಅಡ್ಡ ಇಡಬಹುದು ಎಂದಿದ್ದರು. ಬೆಣ್ಣೆ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಬೇಡ, ಬೆರಳು ಒತ್ತಿದರೆ ಹಳ್ಳ ಬೀಳುವಷ್ಟು ಮೆತ್ತಗಾಗಲಿ. ಒಂದೇ ದಿಕ್ಕಿಗೆ ತಿರುವು. ಮೊಟ್ಟೆ ಒಂದೊಂದಾಗಿ ಹಾಕು. ಮೈದಾ ಹಾಕಿದ ಮೇಲೆ ಬಲ ಬೇಡ, ಮಗುವಿಗೆ ಹೊದಿಕೆ ಹೊದಿಸುವಂತೆ ಮೇಲೆ ಕೆಳಗೆ ಮಾಡು. ಮುಕ್ಕಾಲು ಗಂಟೆ ಮುಚ್ಚಳ ತೆಗೆಯಬೇಡ, ನಿಮ್ಮ ಅತ್ತೆ ಏನು ಹೇಳಿದರೂ ಸರಿ.

ಎಷ್ಟು ಹೊತ್ತು ತಿರುವಬೇಕು ಎಂದು ಕೇಳಿದ್ದೀಯ. ಕೈ ಸೋಲುವವರೆಗೆ ತಿರುವು, ಆಮೇಲೆ ಇನ್ನೂ ಸ್ವಲ್ಪ. ಅಭ್ಯಾಸವಾದರೆ ತಾನೇ ಗೊತ್ತಾಗುತ್ತದೆ.

ಬರುವ ಜನವರಿ ಹದಿನೆಂಟಕ್ಕೆ ನಮ್ಮ ಮದುವೆಯಾಗಿ ಐವತ್ತು ವರ್ಷ. ಜೊನಾಥನ್ ಮನೆಯ ಅಂಗಳದಲ್ಲೇ ಊಟ ಇಟ್ಟಿದ್ದಾನೆ. ಬೇಕರಿಯಲ್ಲಿ ಮೂರು ಅಂತಸ್ತಿನ ಕೇಕು ಹೇಳುತ್ತೇನೆ ಎಂದ. ನಲವತ್ತೊಂಬತ್ತು ವರ್ಷ ನನ್ನ ಕೈಯದೇ ಕತ್ತರಿಸಿದ್ದೇವೆ, ಐವತ್ತನೆಯದಕ್ಕೆ ಯಾರದೋ ಕೈಯದು ಬೇಡ ಎಂದು ನಾನು ಹೇಳಿಬಿಟ್ಟೆ. ನಾನೇ ಮಾಡುತ್ತೇನೆ. ನೀನು ಬಂದು ತಿನ್ನಬೇಕು.

ನಿನ್ನ
ಮಾರ್ಗರೇಟ್


ಮಗ್ಗೆ
16 ಸೆಪ್ಟೆಂಬರ್ 2024

ರೈಟರಮ್ಮನವರಿಗೆ ನಮಸ್ಕಾರಗಳು.

ಶ್ರಾವಣ, ಗೌರಿ, ಗಣೇಶ ಎಂದು ಮನೆಯೊಳಗೆ ಮೊಟ್ಟೆ ಬರುವ ಹಾಗಿರಲಿಲ್ಲ. ಎಲ್ಲ ಮುಗಿದ ಮೇಲೆ ಮೊನ್ನೆ ಇನ್ನೊಮ್ಮೆ ಮಾಡಿದೆ. ನೀವು ಬರೆದದ್ದನ್ನು ನಯನಾ ಗಟ್ಟಿಯಾಗಿ ಓದುತ್ತಿದ್ದಳು, ನಾನು ಹಾಗೆಯೇ ಮಾಡುತ್ತಿದ್ದೆ. ಕೈ ಸೋಲುವವರೆಗೆ ತಿರುವಿದೆ. ಆಮೇಲೆ ಇನ್ನೂ ಸ್ವಲ್ಪ ತಿರುವಿದೆ. ಈ ಸಲ ಎರಡು ಬೆರಳು ದಪ್ಪ ಬಂತು. ರುಚಿ ನಿಮ್ಮದೇ. ಆದರೆ ನಿಮ್ಮ ಕೇಕು ಒತ್ತಿದರೆ ಮತ್ತೆ ಮೇಲೆ ಏಳುತ್ತಿತ್ತು, ನನ್ನದು ಒತ್ತಿದರೆ ಒತ್ತಿದ ಹಾಗೇ ಕೂತಿತ್ತು. ನಮ್ಮ ಮನೆಯವರು ಎರಡು ತುಂಡು ತಿಂದು ಚೆನ್ನಾಗಿದೆ ಎಂದರು. ಅವರು ನಾನು ಏನು ಮಾಡಿದರೂ ಹಾಗೆಯೇ ಹೇಳುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದೂರಲ್ಲಿ ಒಬ್ಬ ಮುದುಕಿ ಇದ್ದಳಂತೆ, ಅವಳ ಕೈಯ ಕಜ್ಜಾಯ ಎಂದರೆ ಏಳೂರಿಗೆ ಹೆಸರು. ಕೊನೆಗಾಲಕ್ಕೆ ಸೊಸೆಯನ್ನು ಕರೆದು ಅಕ್ಕಿ ಎಷ್ಟು ದಿನ ನೆನೆಯಬೇಕು, ಪಾಕ ಎಷ್ಟು ಎಳೆ ಬರಬೇಕು, ಎಲ್ಲ ಹೇಳಿದಳು. ಒಂದನ್ನು ಮಾತ್ರ ಹೇಳದೆ ಕಣ್ಣು ಮುಚ್ಚಿದಳು. ಸೊಸೆ ಬಾಣಲೆಗೆ ಬಿಟ್ಟ ಕಜ್ಜಾಯವೆಲ್ಲ ಎಣ್ಣೆಯಲ್ಲಿ ಚೂರುಚೂರು. ಮುದುಕಿಗೆ ಆ ಒಂದು ಮಾತು ಗಂಟಲಲ್ಲಿ ಉಳಿದು ಸ್ವರ್ಗದ ಬಾಗಿಲು ದಾಟಲಾಗಲಿಲ್ಲವಂತೆ. ಕಾಗೆಯಾಗಿ ಹುಟ್ಟಿ ಬಂದು ಅಡಿಗೆ ಮನೆಯ ಸೂರಿನ ಮೇಲೆ ಕೂತು ಅದನ್ನು ಕೂಗಿ ಕೂಗಿ ಹೇಳಿದಳಂತೆ. ಸೊಸೆ ಒಂದು ಹಿಡಿ ಅನ್ನ ಎಸೆದು ಓಡಿಸಿದಳಂತೆ.

ಸುಮ್ಮನೆ ನೆನಪಾಯಿತು, ಬರೆದೆ.

ವಿಶಾಲ


ಮಗ್ಗೆ
21 ಅಕ್ಟೋಬರ್ 2024

ರೈಟರಮ್ಮನವರಿಗೆ ವಿಶಾಲಳ ನಮಸ್ಕಾರಗಳು.

ತಿಂಗಳ ಮೇಲಾಯಿತು, ನಿಮ್ಮ ಉತ್ತರವಿಲ್ಲ. ಪೋಸ್ಟ್‌ಮ್ಯಾನ್ ಮಹೇಶನನ್ನು ದಿನಾ ಕೇಳಿ ಕೇಳಿ, ಈಗ ಅವನು ನಮ್ಮ ಮನೆ ದಾರಿ ಬಿಟ್ಟು ಮೇಲಿನ ದಾರಿಯಲ್ಲಿ ಹೋಗುತ್ತಾನೆ. ಕಾಗೆಯ ಕಥೆ ಬರೆಯಬಾರದಿತ್ತು. ನನ್ನ ನಾಲಿಗೆಯೂ ಹಾಗೆ, ಪೆನ್ನೂ ಹಾಗೆ. ಹನ್ನೆರಡು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಕಲಿತವಳು ನಾನು. ನೀವು ನನಗೆ ಗುಟ್ಟು ಮಾಡುತ್ತೀರಿ ಎಂದು ಬರೆದ ಹಾಗಾಯಿತು. ತಪ್ಪಾಯಿತು.

ಒಂದು ಒಳ್ಳೆಯ ಸುದ್ದಿ ಇದೆ. ಕೇಕು ಎದ್ದಿತು. ಹೋದ ವಾರ ಕುಂದೂರಿನಲ್ಲಿ ನನ್ನ ಗೆಳತಿ ಹೇಮಶ್ರೀಯ ಮಗುವಿಗೆ ಒಂದು ವರ್ಷ ತುಂಬಿತು. ಅವಳಿಗೆ ಮಾಡಿಕೊಟ್ಟೆ. ನಾಲ್ಕು ಬೆರಳು ದಪ್ಪ, ಮೇಲೆ ಜೇನಿನ ಬಣ್ಣ, ಒತ್ತಿದರೆ ಮತ್ತೆ ಎದ್ದು ಬರುತ್ತಿತ್ತು. ನಾನು ನಾಲ್ಕು ಸಲ ಒತ್ತಿ ನೋಡಿ ಹೇಮಶ್ರೀಯಿಂದ ಬೈಸಿಕೊಂಡೆ. ಅಲ್ಲಿ ಬಂದಿದ್ದ ಲೈನಿನ ಹೆಂಗಸೊಬ್ಬಳು ಒಂದು ಚೂರು ಬಾಯಿಗಿಟ್ಟು, "ರೈಟರಮ್ಮ ಯಾವಾಗ ಬಂದ್ರು?" ಎಂದು ಕೇಳಿದಳು. ನಿಮ್ಮ ಮೇಲಾಣೆ, ಅಷ್ಟು ಸಂತೋಷ ನನಗೆ ನಯನಾ ಹುಟ್ಟಿದಾಗಲೂ ಆಗಿರಲಿಲ್ಲ.

ಹೇಗೆ ಎದ್ದಿತು ಎಂದು ಮಾತ್ರ ಕೇಳಬೇಡಿ. ಹೇಳಿದರೆ ನೀವು ಬೇಸರ ಮಾಡಿಕೊಂಡೀರಿ ಎಂದು ಭಯ. ಮೊದಲೇ ಮುನಿದಿದ್ದೀರಿ.

ವಿಶಾಲ


ಮೂಡುಬಿದಿರೆ
8 ನವೆಂಬರ್ 2024

ವಿಶಾಲಾ,

ಕಣ್ಣು ಸ್ವಲ್ಪ ಮಂಜು. ಅದಕ್ಕೆ ಈ ಕಾಗದವನ್ನು ನಾನು ಹೇಳಿ, ಮೊಮ್ಮಗಳು ಸ್ಟೆಫಿ ಬರೆಯುತ್ತಿದ್ದಾಳೆ. ನಾನು ಮುನಿದಿಲ್ಲ.

ಒಂದು ಕೆಲಸ ಇದೆ. ಜನವರಿ ಹದಿನೆಂಟರ ಕೇಕು ನೀನು ಮಾಡಬೇಕು. ಲಾನ್ಸಿಗೆ ಬೆಟ್ಟದ ಕೆಂಡದ ಕೇಕೇ ಬೇಕಂತೆ, ಇಲ್ಲಿ ಕಾಫಿ ಕಟ್ಟಿಗೆ ಸಿಗುವುದಿಲ್ಲ. ಮೊದಲು ಒಂದು ಚಿಕ್ಕದು ಮಾಡಿ ಬಸ್ಸಿನಲ್ಲಿ ಕಳಿಸು. ಸಕಲೇಶಪುರದಿಂದ ಬರುವ ಮಂಗಳೂರು ಬಸ್ಸಿಗೆ ಕೊಟ್ಟರೆ ಬಿ.ಸಿ. ರೋಡಿನಲ್ಲಿ ಜೊನಾಥನ್ ಇಳಿಸಿಕೊಳ್ಳುತ್ತಾನೆ. ರುಚಿ ನೋಡಿ ತಿಳಿಸುತ್ತೇವೆ.

ಮಾರ್ಗರೇಟ್


ಮಗ್ಗೆ
17 ನವೆಂಬರ್ 2024

ರೈಟರಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಸ್ಟೆಫಿಯ ಅಕ್ಷರ ಮುತ್ತಿನ ಹಾಗಿದೆ, ಆದರೆ ಅದರಲ್ಲಿ ನಿಮ್ಮ ದನಿ ಕೇಳಿಸಲಿಲ್ಲ. ಯಾರದೋ ಕೈಯದು ಬೇಡ ಎಂದವರು ನೀವು. ಈಗ ನನ್ನ ಕೈಯದಾದೀತು ಎನ್ನುತ್ತೀರಿ. ಕಾಗೆಯ ಕಥೆಗೆ ಇದು ಉತ್ತರವೇ? ಅಷ್ಟು ಕೇಳಿದೆಯಲ್ಲ, ಈಗ ಮಾಡಿ ತೋರಿಸು ಎಂದೇ? ಪರೀಕ್ಷೆಯಾದರೂ ಸರಿ. ಒಲ್ಲೆ ಎನ್ನಲು ನನಗೆ ಬಾಯಿಲ್ಲ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಚಿಕ್ಕ ಕೇಕು ಕೊಡುತ್ತಿದ್ದೇನೆ. ಕಂಡಕ್ಟರ್ ಶ್ರೀನಾಥ್ ನಮ್ಮ ಕಡೆಯವನು. ಘಾಟಿಯ ತಿರುವುಗಳಲ್ಲಿ ತೊಡೆಯ ಮೇಲಿಟ್ಟುಕೋ ಎಂದಿದ್ದೇನೆ. ಟಿಕೆಟ್ ಯಾರು ಕೊಡೋದು, ಕೇಕಾ ಎಂದು ಕೇಳಿದ. ಅವನಿಗೂ ಬೇರೆ ಪೊಟ್ಟಣದಲ್ಲಿ ಎರಡು ತುಂಡು ಕಟ್ಟಿದ್ದೇನೆ, ನಿಮ್ಮದಕ್ಕೆ ಕೈ ಹಾಕುವುದಿಲ್ಲ.

ಕಣ್ಣಿಗೆ ಡಾಕ್ಟರಿಗೆ ತೋರಿಸಿ. ಆಗಸ್ಟಿನಲ್ಲಿ ನೀವು ಬರೆದ ಕಾಗದದಲ್ಲಿ ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ವಿಶಾಲ


ಮೂಡುಬಿದಿರೆ
28 ನವೆಂಬರ್ 2024

ವಿಶಾಲಾ,

ಇದನ್ನೂ ಸ್ಟೆಫಿಯೇ ಬರೆಯುತ್ತಿದ್ದಾಳೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆ ಎಂದಿದ್ದೇನೆ.

ಕೇಕು ಒಂದು ಚೂರೂ ಒಡೆಯದೆ ಬಂತು. ಲಾನ್ಸಿಗೆ ಯಾರು ಮಾಡಿದ್ದು ಎಂದು ಹೇಳದೆ ಕೊಟ್ಟೆ. ಒಂದು ತುಂಡು ತಿಂದರು. ಇನ್ನೊಂದಕ್ಕೆ ತಟ್ಟೆ ಚಾಚಿದರು. ಅದೂ ಮುಗಿದ ಮೇಲೆ ನನ್ನ ಕಡೆ ನೋಡಿ, "ನೀನು ಯಾವಾಗ ಮಾಡಿದೆ ಮಾರಾಯ್ತಿ, ನಾನು ಕಾಣಲೇ ಇಲ್ಲ?" ಎಂದು ಕೇಳಿದರು. ನಾನು ಎದ್ದು ಒಳಗೆ ಹೋದೆ.

ಪರೀಕ್ಷೆ ಅಲ್ಲ ವಿಶಾಲಾ. ಇಂಥ ಕೇಕು ನಾನು ಮಾಡಿದ್ದು ಕೆಲವೇ ಸಲ. ಒಳಭಾಗ ಎಷ್ಟು ಹಗುರವಾಗಿ ಬಂದಿದೆ ಎಂದರೆ, ಈಗ ನಾನೇ ನಿನ್ನನ್ನು ಕೇಳಬೇಕಾಗಿದೆ. ಎಷ್ಟು ಹೊತ್ತು ತಿರುವಿದೆ? ಹೇಗೆ ಗೊತ್ತಾಯಿತು? ನಾನು ಬೇಸರ ಮಾಡಿಕೊಳ್ಳುವಂಥದ್ದು ಅದರಲ್ಲಿ ಏನಿದೆ?

ಮಾರ್ಗರೇಟ್


ಮಗ್ಗೆ
10 ಡಿಸೆಂಬರ್ 2024

ರೈಟರಮ್ಮನವರಿಗೆ ವಿಶಾಲಳ ನಮಸ್ಕಾರಗಳು.

ರೈಟರು ಕೇಳಿದ ಮಾತನ್ನು ಓದಿ ಎರಡು ದಿನ ನನಗೆ ಕೆಲಸ ಸಾಗಲಿಲ್ಲ. ಅಷ್ಟು ನಂಬಿದವರಿಗೆ ಮುಚ್ಚಿಟ್ಟು ಕೇಕು ಕಳಿಸಲು ಮನಸ್ಸು ಬಾರದು. ಇದ್ದದ್ದನ್ನು ಬರೆದುಬಿಡುತ್ತೇನೆ, ಬೇಡ ಎನಿಸಿದರೆ ಬೇಡ ಎನ್ನಿ.

ಅಕ್ಟೋಬರಿನಲ್ಲಿ ಹೇಮಶ್ರೀಯ ಮಗುವಿನ ಕೇಕಿಗೆ ತಿರುವುತ್ತ ಕೂತಿದ್ದೆ. ಮೂರು ಮೂರು ಸಲ ಕೈ ಬದಲಿಸಿದೆ. ಮುಖ ನೋಡಿದರೆ ಅಳುವ ಹಾಗಿತ್ತೇನೋ. ಅತ್ತೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು ಅಲ್ಲಿಂದಲೇ, "ಬಾಯ್ ಮುಚ್ಕಂಡು ತಿರುವಿದ್ರೆ ಕೈ ಸೋಲ್ದೆ ಇನ್ನೇನಾಯ್ತದೆ? ನಾವು ರಾಗಿ ಬೀಸುವಾಗ ಸುಮ್ಕೆ ಕೂತಿದ್ವಾ? ಒಂದ್ ಪದ ಹೇಳ್ಕಳೇ," ಎಂದರು. ನನಗೆ ಪದ ಪೂರ್ತಿ ಬರುವುದಿಲ್ಲ. ಅವರೇ ಎದ್ದು ಬಂದು ಎದುರು ಕೂತು ಹೇಳಿಕೊಟ್ಟರು. ನಮ್ಮ ಊರ ಅಮ್ಮನ ಮೇಲಿನ ಬೀಸುವ ಪದ, ಇಪ್ಪತ್ತೊಂದು ನುಡಿ.

ಹಿಟ್ಟು ಹೂವಾಗಲಿ, ಹೊಟ್ಟೆ ತಂಪಾಗಲಿ
ಉಂಡವರ ಮನೆಯಾಗೆ ನಮ್ಮವ್ವ, ಬಂಗಾರದ
ತೊಟ್ಟಿಲು ಎಂದೂ ತೂಗಲಿ

ಎಂದು ಶುರುವಾಗುತ್ತದೆ. ಕೊನೆಯ ನುಡಿಗೆ ಬಂದು ನೋಡಿದರೆ ಬೆಣ್ಣೆ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿ, ಸೌಟು ಎತ್ತಿದರೆ ನೊರೆ ನಿಂತಿತ್ತು. ಕೈ ಸೋತದ್ದೇ ತಿಳಿಯಲಿಲ್ಲ. ಆಮೇಲಿನ ಎಲ್ಲ ಕೇಕಿಗೂ ಅದೇ ಪದ, ನಿಮಗೆ ಬಸ್ಸಿನಲ್ಲಿ ಕಳಿಸಿದ್ದಕ್ಕೂ. ಹದಿನೆಂಟು ನುಡಿಗೆ ನಿಲ್ಲಿಸಿ ನೋಡಿದ್ದೇನೆ, ಸಾಲದು.

ತಮಾಷೆ ಎಂದರೆ ನಮ್ಮ ಅತ್ತೆ ಪದ ಹೇಳುತ್ತಾರೆ, ಕೇಕು ಮಾತ್ರ ಮುಟ್ಟುವುದಿಲ್ಲ. ಕೋಳಿ ಸಾರು ಉಣ್ಣುವ ಹೆಂಗಸು, ಸಿಹಿಗೆ ಮೊಟ್ಟೆ ಹಾಕುವುದು ಮಾತ್ರ ಅವರಿಗೆ ಆಗುವುದಿಲ್ಲ. ನಯನಾಳ ನಾಮಕರಣಕ್ಕೆ ನೀವು ಕೇಕು ತಂದ ದಿನದಿಂದಲೂ ಅದೇ ಹಾಡು: "ಪಾಯಸಕ್ಕೆ ಮೀನ್ ಬುಟ್ಟಂಗೆ."

ಈಗ ಕೇಳಬೇಕಾದ ಮಾತು. ನಿಮ್ಮದು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು ಫಾದರ್ ಎದುರು ಕತ್ತರಿಸುವ ಕೇಕು. ಅದಕ್ಕೆ ನಮ್ಮ ಅಮ್ಮನ ಪದ ಹಾಡಿದರೆ ನಿಮ್ಮವರು ಒಪ್ಪುತ್ತಾರೆಯೇ? ಹಾಡಬೇಡ ಎಂದರೆ ಬಾಯಿ ಕಟ್ಟಿಕೊಂಡು ತಿರುವುತ್ತೇನೆ. ಆದರೆ ಅದು ಏಳದಿದ್ದರೆ ನಿಮ್ಮ ಐವತ್ತನೆಯ ವರ್ಷದ ದಿನ ನಿಮ್ಮ ಮುಂದೆ ಹಿಂಡಿ ಇಟ್ಟ ಹಾಗಾಗುತ್ತದೆ. ಅದಕ್ಕಿಂತ ಬೇಕರಿಯ ಮೂರಂತಸ್ತೇ ವಾಸಿ. ನೀವು ಹೇಳಿದ ಹಾಗೆ.

ವಿಶಾಲ


ಮೂಡುಬಿದಿರೆ
18 ಡಿಸೆಂಬರ್ 2024

ವಿಶಾಲಾ,

ಇದು ನನ್ನ ಕೈ. ಎಡಗೈ. ಅಕ್ಷರ ಕೋಳಿ ಕೆರೆದ ಹಾಗಿದೆ. ನಾಲ್ಕು ದಿನದಿಂದ ಬರೆಯುತ್ತಿದ್ದೇನೆ.

ಕಣ್ಣು ಚೆನ್ನಾಗಿದೆ. ಸೆಪ್ಟೆಂಬರಿನಲ್ಲಿ ಬಲಗೈ ಹೋಯಿತು. ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಆಮೇಲೆ ಆಸ್ಪತ್ರೆ. ನಿನ್ನ ಕಾಗೆಯ ಕಥೆ ಬಂದಾಗ ನಾನು ಅಲ್ಲಿದ್ದೆ. ಸ್ಟೆಫಿ ತಂದು ಹಾಸಿಗೆಯ ಪಕ್ಕ ಕೂತು, ನನಗೆ ಕಾಣುವ ಹಾಗೆ ಹಿಡಿದಳು. ನಾನು ನಗಲು ಹೋದೆ, ಬಾಯಿಯ ಒಂದೇ ಕಡೆ ನಕ್ಕಿತು. ಈಗ ನಡೆಯುತ್ತೇನೆ. ಊಟ ಮಾಡುತ್ತೇನೆ. ಸೌಟು ಹಿಡಿಯಲು ಆಗುವುದಿಲ್ಲ. ನಿನ್ನ ಕೇಕಿನ ರುಚಿಗೆ ಲಾನ್ಸಿ ಅದನ್ನೂ ಮರೆತುಬಿಟ್ಟಿದ್ದರು. ನಿನಗೆ ಹೇಳಲಿಲ್ಲ. ಸೌಟು ಹಿಡಿದ ಮಾರ್ಗರೇಟನ್ನು ಮಾತ್ರ ನೀನು ಕಂಡಿದ್ದೀಯ. ಅದು ಹಾಗೇ ಇರಲಿ ಎನಿಸಿತು.

ಕಾಗೆಯಾಗುವ ಮೊದಲು ಇನ್ನೊಂದೂ ಹೇಳಿಬಿಡುತ್ತೇನೆ. ನನ್ನ ತುಟಿ ಅಲುಗುತ್ತಿದ್ದುದು ಎಣಿಕೆಗಲ್ಲ. ನಾನು ತೇರ್ಸ್ ಹೇಳುತ್ತಿದ್ದೆ. ಮಾತೆ ಮರಿಯಮ್ಮನ ಜಪ, ಐವತ್ತು ಮಣಿ. ನನ್ನ ತಾಯಿ ಹಾಗೆ ಕಲಿಸಿದ್ದು. ಐವತ್ತು ಮಣಿ ಮುಗಿದರೆ ಬೆಣ್ಣೆ ಸಕ್ಕರೆ ಮುಗಿಯಿತು. ಮರಳಿನ ಮೇಲೆ ಕೈ ಹಿಡಿದು ಬಿಸಿ ನೋಡುತ್ತಿದ್ದೆನಲ್ಲ, ಅದಕ್ಕೂ ಒಂದು ಚಿಕ್ಕ ಪ್ರಾರ್ಥನೆ ಇದೆ. ಅದು ಮುಗಿಯುವವರೆಗೆ ಕೈ ತಾಳಿದರೆ ಕೆಂಡ ಸರಿ.

ನೀನು ನೇರ ಕೇಳಿದರೂ ನಾನು ಹೇಳಲಿಲ್ಲ. ನಯನಾಳ ನಾಮಕರಣದ ದಿನ ನಿಮ್ಮ ಅತ್ತೆ ತಟ್ಟೆ ಸರಿಸಿದ್ದನ್ನು ಕಂಡಿದ್ದೆ. ನಮ್ಮ ಜಪದ ಕೈಯದು ಎಂದು ಅವರು ತಿನ್ನಲಿಲ್ಲ ಎಂದುಕೊಂಡೆ. ಅಂದಿನಿಂದ ಲೈನಿನ ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ಮಕ್ಕಳ ಕೈಯಿಂದ ಕೇಕು ಕಿತ್ತುಕೊಂಡಾರು ಎಂದು ತುಟಿಯೊಳಗೇ ಹೇಳಿಕೊಂಡೆ. ಹದಿನಾಲ್ಕು ವರ್ಷ. ಈಗ ನೋಡಿದರೆ ತಕರಾರು ಮೊಟ್ಟೆಯದು.

ನಿನ್ನ ಕಾಗದ ಓದಿ ಸ್ಟೆಫಿ ಗಡಿಯಾರ ಹಿಡಿದಳು. ನನ್ನ ತೇರ್ಸ್ ಹದಿನೆಂಟು ನಿಮಿಷ. ನಿನ್ನ ಇಪ್ಪತ್ತೊಂದು ನುಡಿ ಎಷ್ಟು?

ಹಾಡಿಯೇ ಮಾಡು. ಫಾದರಿಗೆ ನಾನು ಹೇಳಿದ್ದೇನೆ. ಅವರು ಕೇಕು ಎಷ್ಟು ದೊಡ್ಡದು ಎಂದು ಮಾತ್ರ ಕೇಳಿದರು. ಆದರೆ ಮಗ್ಗೆಯಲ್ಲಿ ಮಾಡಿ ಕಳಿಸಬೇಡ. ದಬರಿ ತೆಗೆದುಕೊಂಡು ಇಲ್ಲಿಗೇ ಬಾ. ನಿಮ್ಮ ಅತ್ತೆಯನ್ನೂ ಕರೆದುಕೊಂಡು ಬಾ. ನನಗೆ ಅದು ಆಗುವುದನ್ನು ನೋಡಬೇಕು.

ಮಾರ್ಗರೇಟ್


ಮಗ್ಗೆ
27 ಡಿಸೆಂಬರ್ 2024

ರೈಟರಮ್ಮನವರಿಗೆ,

ನಿಮ್ಮ ಎಡಗೈಯ ಅಕ್ಷರವನ್ನು ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಹೆಚ್ಚು ಬರೆಯಲು ಆಗುತ್ತಿಲ್ಲ. ಮೂರು ತಿಂಗಳಿಂದ ನಿಮಗೆ ಹಾಗಾಗಿರುವಾಗ ನಾನು ಕಾಗೆ, ಪರೀಕ್ಷೆ ಎಂದು ಬರೆದೆನಲ್ಲ.

ನಯನಾ ಮೊಬೈಲಿನಲ್ಲಿ ನೋಡಿದಳು. ನಮ್ಮ ಪದ ಹದಿನೇಳು ನಿಮಿಷ, ಚಿಲ್ಲರೆ.

ಶುಕ್ರವಾರ ಹದಿನೇಳನೆಯ ತಾರೀಕು ಮಧ್ಯಾಹ್ನದೊಳಗೆ ಬರುತ್ತೇವೆ. ಅತ್ತೆಗೆ ನಿಮ್ಮ ಕೈ ವಿಷಯ ಹೇಳಿದೆ. "ಆ ತಾಯಿ ನಮ್ಮನೇಗ್ ಬಂದಾಗ ನಾ ತಟ್ಟೆ ತಳ್ಬುಟ್ಟಿದ್ದೆ. ನಡಿ, ನಾನೂ ಬತ್ತೀನಿ," ಎಂದರು. ದಬರಿ ಒಂದು, ಕಾಫಿ ಕಟ್ಟಿಗೆಯ ಮೂಟೆ ಒಂದು, ಅತ್ತೆ ಒಬ್ಬರು. ಶ್ರೀನಾಥ್ ಯಾವುದಕ್ಕೆ ಲಗೇಜು ಹಾಕುತ್ತಾನೋ ನೋಡಬೇಕು.

ವಿಶಾಲ


ಮೂಡುಬಿದಿರೆ
25 ಜನವರಿ 2025

ಪ್ರೀತಿಯ ವಿಶಾಲಾ,

ಎಡಗೈ ಈಗ ಸ್ವಲ್ಪ ಮಾತು ಕೇಳುತ್ತಿದೆ.

ಹಬ್ಬದ ದಿನದ ಗದ್ದಲದಲ್ಲಿ ನಿನ್ನ ಜೊತೆ ಮಾತಾಡಲು ಆಗಲಿಲ್ಲ. ನೂರಿಪ್ಪತ್ತು ಜನ ತಿಂದರು. ಬೇಕರಿಯ ವಿಳಾಸ ಕೇಳಿದವರಿಗೆಲ್ಲ ಲಾನ್ಸಿ ನಿನ್ನನ್ನು ಕೈ ಹಿಡಿದು ಎಳೆದು ತಂದು ತೋರಿಸುತ್ತಿದ್ದರು, ನೀನು ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದೆ. ಐವತ್ತು ವರ್ಷದಲ್ಲಿ ಅವರು ನನ್ನ ಕೇಕನ್ನು ಹೊಗಳಿದ್ದಕ್ಕಿಂತ ಹೆಚ್ಚು ಆ ಒಂದು ದಿನ ನಿನ್ನದನ್ನು ಹೊಗಳಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಆಗುತ್ತದೇನೋ ಎಂದು ಕಾದು ನೋಡಿದೆ, ಆಗಲಿಲ್ಲ.

ನನಗೆ ನೆನಪಾಗುವುದು ಅದರ ಹಿಂದಿನ ದಿನ. ಹಿತ್ತಲಿನಲ್ಲಿ ನೀನು ತಲೆ ಬಗ್ಗಿಸಿ ತಿರುವುತ್ತಿದ್ದೆ. ಒಂದು ಪಕ್ಕದಲ್ಲಿ ನಾನು ಮಣಿ ಹಿಡಿದು ಕೂತಿದ್ದೆ, ಇನ್ನೊಂದು ಪಕ್ಕದಲ್ಲಿ ನಿಮ್ಮ ಅತ್ತೆ. ಅವರ ಪದ ನನಗೆ ಕೇಳಿಸುವುದಿಲ್ಲವಲ್ಲ, ಅವರ ತುಟಿ ನೋಡುತ್ತಿದ್ದೆ. ನೀನು ಹನ್ನೆರಡು ವರ್ಷ ನನ್ನ ತುಟಿ ನೋಡಿದ ಹಾಗೆ. ಅವರದು ಹದಿನೇಳು ನಿಮಿಷ, ನನ್ನದು ಹದಿನೆಂಟು. ಅಂದು ಅವರ ತುಟಿ ನೋಡುತ್ತ ನನ್ನ ನಾಲಿಗೆ ಇನ್ನೂ ನಿಧಾನವಾಯಿತು. ನನ್ನ ಮಣಿ ಇನ್ನೂ ಹತ್ತು ಉಳಿದಿರುವಾಗ ಅವರ ತುಟಿ ನಿಂತಿತು. ಅವರು ನನ್ನ ಕೈಯಲ್ಲಿದ್ದ ಮಣಿಯನ್ನು ನೋಡಿದರು, ಉಳಿದದ್ದನ್ನು ಕಣ್ಣಲ್ಲೇ ಎಣಿಸಿದರು. ಆಮೇಲೆ ಮತ್ತೆ ಹಾಡಲು ಶುರುಮಾಡಿದರು. ನನ್ನ ಕೊನೆಯ ಮಣಿ ದಾಟುವವರೆಗೆ ನಿಲ್ಲಿಸಲಿಲ್ಲ. ನೀನೂ ಸೌಟು ನಿಲ್ಲಿಸಲಿಲ್ಲ.

ಪದ ಇಪ್ಪತ್ತೊಂದೇ ನುಡಿ ಎಂದು ನೀನು ಬರೆದಿದ್ದೆ. ಆ ಉಳಿದ ಹೊತ್ತಿನಲ್ಲಿ ಅವರು ಏನು ಹಾಡಿದರು? ಅಂದೇ ಕೇಳಬೇಕೆಂದಿದ್ದೆ, ಕೇಳಿದ್ದರೂ ಉತ್ತರ ನನಗೆ ಕೇಳಿಸುತ್ತಿರಲಿಲ್ಲ. ಬರೆದು ಕಳಿಸು.

ನಿನ್ನ
ಮಾರ್ಗರೇಟ್

ಅವರು ಕೇಕು ತಿನ್ನಲಿಲ್ಲ, ಅಲ್ಲವೇ? ತುಂಡು ತೆಗೆದುಕೊಂಡದ್ದು ಕಂಡೆ, ತಿಂದದ್ದು ಕಾಣಲಿಲ್ಲ.


ಮಗ್ಗೆ
3 ಫೆಬ್ರವರಿ 2025

ರೈಟರಮ್ಮನವರಿಗೆ ವಿಶಾಲಳ ನಮಸ್ಕಾರಗಳು.

ಪದ ಇಪ್ಪತ್ತೊಂದೇ. ಇಪ್ಪತ್ತೆರಡನೆಯದು ಬಂದಾಗ ನನಗೂ ಆಶ್ಚರ್ಯವಾಯಿತು, ಯಾವತ್ತೂ ಕೇಳಿದ್ದಲ್ಲ. ಅತ್ತೆ ಅಲ್ಲೇ ಕೂತು ಕಟ್ಟಿದ್ದು. ನಿಮಗಾಗಿ ಮತ್ತೆ ಹೇಳಿ ಎಂದರೆ, ಆಗ ಬಂತು ಹೋಯಿತು, ಅದೇನು ಡಬ್ಬದಲ್ಲಿಟ್ಟಿರುತ್ತೇನಾ ಎಂದರು. ನಾಲ್ಕು ನುಡಿಯಲ್ಲಿ ಒಂದು ನನ್ನ ನೆನಪಿನಲ್ಲಿ ಉಳಿದಿದೆ.

ಬಲಗೈಯ ಬಲವೆಲ್ಲ ಬೆಟ್ಟದ ಮ್ಯಾಗುಳಿತು
ಎಡಗೈಲಿ ಮಣಿಯ ಎಣಿಸವ್ವ, ನಿನ ಸೌಟು
ಸೊಸೆ ಕೈಲಿ ಇನ್ನೂ ತಿರುಗ್ತೈತೆ

ಈಗ ಕೇಕಿನ ವಿಷಯ. ಹಬ್ಬದ ದಿನ ಸ್ಟೆಫಿ ತಟ್ಟೆ ತಂದಾಗ ಅತ್ತೆ ಸರಿಸಲಿಲ್ಲ. "ಇವತ್ತು ಶನಿವಾರ ಕಣವ್ವ, ಮೊಟ್ಟೆ ಮುಟ್ಟಾಕಿಲ್ಲ," ಎಂದು ತುಂಡನ್ನು ಕಾಗದದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಗೌರಿಗೆ ಇರಬೇಕು ಎಂದುಕೊಂಡೆ.

ಮಾರನೆಯ ದಿನ ಬಸ್ಸು ಘಾಟಿ ಹತ್ತುವಾಗ ನನಗೆ ಜೊಂಪು ಹತ್ತಿತ್ತು. ಕಾಗದದ ಸದ್ದಾಯಿತು. ಅರ್ಧ ಕಣ್ಣು ತೆರೆದು ನೋಡಿದೆ. ಅತ್ತೆ ಗಂಟು ಬಿಚ್ಚಿ, ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಪ್ರತಿ ತಿರುವಿಗೂ ಒಂದು ಚೂರು. ಮಾರನಹಳ್ಳಿ ಬರುವ ಹೊತ್ತಿಗೆ ಕಾಗದಕ್ಕೆ ಅಂಟಿದ್ದನ್ನೂ ಬೆರಳಲ್ಲಿ ಒತ್ತಿ ತೆಗೆದರು. ನಾನು ನಿದ್ದೆ ಬಂದವಳಂತೆ ಇದ್ದೆ.

ನಿನ್ನೆ ಬೆಳಿಗ್ಗೆ ಒಲೆಯ ಮುಂದೆ ಕೂತು ಕೇಳಿದರು, "ನಾ ಹುಟ್ಟಿದ್ದು ಯಾವಾಗ ಅಂತ ನಿನ್ ಗಂಡಂಗೇನಾರ ಗೊತ್ತೇನೇ?" ಅವರ ತಾಯಿಗೇ ತಾರೀಕು ಗೊತ್ತಿರಲಿಲ್ಲ, ಮಗನಿಗೆ ಹೇಗೆ ಗೊತ್ತಿರಬೇಕು ಎಂದೆ. ಸ್ವಲ್ಪ ಹೊತ್ತು ಒಲೆಗೆ ಕಟ್ಟಿಗೆ ಸರಿಸಿದರು. ಆಮೇಲೆ, "ರಾಗಿ ಒಕ್ಕಣೆ ಮುಗಿದ್ಮ್ಯಾಲೆ ಅಂತ ನಮ್ಮವ್ವ ಹೇಳ್ತಿತ್ತು. ಹಂಗಾರೆ ಈಗ್ಲೇ ಆಯ್ತಲ್ಲ. ಮುಂದ್ಲ ವಾರದ ಬುಧವಾರ ಅಂತ ಇಟ್ಕ. ಸೋಮವಾರ ಶನಿವಾರ ಬ್ಯಾಡ," ಎಂದು ಹೇಳಿ ಎದ್ದು ಹೋದರು.

ಮರಳು ಜರಡಿ ಹಿಡಿದು ಬಿಸಿಲಿಗೆ ಹರಡಿದ್ದೇನೆ. ಹನ್ನೆರಡನೆಯ ತಾರೀಕು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ತಿರುವಲು ಕೂರುತ್ತೇನೆ. ನೀವು ಅಲ್ಲಿಂದಲೇ ಮಣಿ ಹಿಡಿಯಿರಿ.

ನಿಮ್ಮ
ವಿಶಾಲ